ಕರಪ್ಷನ್ ಎಂದರೆ ಬರೀ ಲಂಚವಲ್ಲ

ಅನುವಾದ ಮಾಡುವವರು ದಯವಿಟ್ಟು ಗಮನಿಸಿ: ‘ಕರಪ್ಷನ್’ ಕಂಡಲ್ಲೆಲ್ಲ ‘ಭ್ರಷ್ಟಾಚಾರ’ ಎಂದು ಬರೆಯಬೇಡಿ. ಮೊದಲು ಅಕ್ಕಪಕ್ಕದ ಪದ ನೋಡಿ. ಅಧಿಕಾರಿ, ಟೆಂಡರು, 1988ರ ಭ್ರಷ್ಟಾಚಾರ ತಡೆ ಕಾಯ್ದೆ ಇದ್ದರೆ ಭ್ರಷ್ಟಾಚಾರವೇ ಸರಿ. ಕೆಲಸ ಮಾಡಿಸಿಕೊಳ್ಳಲು ಅಕ್ರಮವಾಗಿ ಕೈ ಬದಲಾದ ಹಣ ಅಥವಾ ಉಡುಗೊರೆಗೆ ಮಾತ್ರ ‘ಲಂಚ’ ಎನ್ನಿ. ನಕಲು ಮುಗಿಯುವ ಮೊದಲೇ ಪೆನ್‌ಡ್ರೈವ್ ಕಿತ್ತು ಫೈಲ್ ತೆರೆಯದಿದ್ದರೆ ‘ಫೈಲ್ ಕೆಟ್ಟಿದೆ’ ಸಾಕು.

ಹೆಚ್ಚಿನವರು ಎಡವುವುದು ಪದಗಳ ಚರಿತ್ರೆಯಲ್ಲಿ. ‘ಎ ಕರಪ್ಷನ್ ಆಫ್’ ಎಂದು ಮೊದಲು ‘ಎ’, ನಂತರ ‘ಆಫ್’ ಬಂದರೆ ಅದು ರೂಪಗೆಟ್ಟ ಪದ, ಮಡಿಕೇರಿ ‘ಮರ್ಕೇರಾ’ ಆದಂತೆ. ಇದಕ್ಕೆ ‘ಅಪಭ್ರಂಶ’ ಬಳಸಿ. ‘ತದ್ಭವ’ ಖಂಡಿತ ಬೇಡ. ಆಕಾಶ ಆಗಸವಾದದ್ದು ಭಾಷೆಯ ಸಹಜ ನಡೆ, ಅದರಲ್ಲಿ ಕೆಟ್ಟದ್ದೇನೂ ಇಲ್ಲ.

ಇನ್ನೊಂದು: ಭ್ರಷ್ಟಾಚಾರದ ಅರ್ಥದಲ್ಲಿ ಇಂಗ್ಲಿಷ್ ಬರೆಯುವಾಗ ‘ಕರಪ್ಷನ್ಸ್’ ಎಂಬ ಬಹುವಚನ ಹಾಕಬೇಡಿ.