ಅಮಾವಾಸ್ಯೆಗೆ ಆರು ಜನ: ಸಣ್ಣ ವ್ಯಾಪಾರದವರು ಕೂಟ ಕಟ್ಟುವ ಬಗೆ

ನನ್ನದು ದಾವಣಗೆರೆಯಲ್ಲಿ ಚಟ್ನಿಪುಡಿಯ ವ್ಯಾಪಾರ. ಶೇಂಗಾ, ಅಗಸಿ, ಗುರೆಳ್ಳು, ಮೂರೇ ಬಗೆ. ಮನೆಯ ಹಿಂದಿನ ಶೆಡ್ಡಿನಲ್ಲಿ ನಾನು, ಇಬ್ಬರು ಹೆಂಗಸರು, ಒಂದು ಪುಡಿ ಮಾಡುವ ಯಂತ್ರ. ಈ ಒಂಬತ್ತು ವರ್ಷಗಳಲ್ಲಿ ನನಗೆ ವ್ಯಾಪಾರ ಕಲಿಸಿದವರಲ್ಲಿ ಒಬ್ಬರಿಗೂ ಚಟ್ನಿಪುಡಿ ಮಾಡಲು ಬರುವುದಿಲ್ಲ. ಒಬ್ಬರು ಟೈಲರ್, ಒಬ್ಬರು ಮಂಡಕ್ಕಿ ಭಟ್ಟಿಯವರು, ಉಳಿದವರು ಪ್ರೆಸ್ಸಿನವರು, ಕಿರಾಣಿಯವರು, ಬೇಕರಿಯವರು. ನಾನು ಸೇರಿ ಆರು ಜನ. ಪ್ರತಿ ಅಮಾವಾಸ್ಯೆಯ ಸಂಜೆ ಅಂಗಡಿ ಪೂಜೆ ಮುಗಿಸಿ ಪ್ರೆಸ್ಸಿನಲ್ಲಿ ಸೇರುತ್ತೇವೆ. ಅಮಾವಾಸ್ಯೆಯನ್ನು ಯಾರೂ ಮರೆಯುವುದಿಲ್ಲ ಎಂಬುದಷ್ಟೇ ಆ ದಿನ ಹಿಡಿದದ್ದಕ್ಕೆ ಕಾರಣ.

ಇಂಥ ಕೂಟ ಕಟ್ಟಬೇಕೆನ್ನುವವರು ಮೊದಲು ನೋಡಬೇಕಾದದ್ದು ಯಾರನ್ನು ಕರೆಯಬಾರದು ಎಂಬುದನ್ನು. ನಿಮ್ಮದೇ ಕಸುಬಿನವರು ಬೇಡ. ಎದುರಿಗೆ ಕುಳಿತವರು ಅದೇ ಮಾಲು ಮಾರುವವರಾದರೆ ರೇಟು ಹೇಳಲು ಬಾಯಿ ಬರುವುದಿಲ್ಲ. ಬೀಗರು ನೆಂಟರು ಬೇಡವೇ ಬೇಡ. ಉದ್ರಿ ಸಿಕ್ಕಿಬಿದ್ದ ಸುದ್ದಿ ಮಗಳ ಮದುವೆಯ ಮಾತುಕತೆಯವರೆಗೂ ಹೋಗುತ್ತದೆ. ನನಗೆ ಮೊದಲ ಇಬ್ಬರು ಸಿಕ್ಕಿದ್ದು ಆಡಿಟರ್ ಕಚೇರಿಯ ಬೆಂಚಿನ ಮೇಲೆ. ಮೂವರೂ ಕೈಯಲ್ಲಿ ಬಿಲ್ಲುಗಳ ಪ್ಲಾಸ್ಟಿಕ್ ಚೀಲ ಹಿಡಿದು ಎರಡು ಗಂಟೆ ಕುಳಿತಿದ್ದೆವು. ಆರೇಳು ಜನರಿಗೆ ನಿಲ್ಲಿಸಿ. ಎಂಟು ದಾಟಿದರೆ ಯಾರಾದರೊಬ್ಬರು ಅಧ್ಯಕ್ಷರಾಗಲು ನೋಡುತ್ತಾರೆ.

ಮೊದಲ ಎರಡು ಅಮಾವಾಸ್ಯೆ ನಮ್ಮ ಕೂಟ ದಂಡವಾಯಿತು. ಎಲ್ಲರೂ "ಪರವಾಗಿಲ್ಲ, ನಡೆಯುತ್ತಿದೆ" ಎಂದು ಮಂಡಕ್ಕಿ ಮಿರ್ಚಿ ತಿಂದು ಎದ್ದೆವು. ಕೂಟ ಕಟ್ಟಿದವರೇ ಮೊದಲು ತಮ್ಮ ನಷ್ಟ ಬಿಚ್ಚಬೇಕು, ಬೇರೆ ದಾರಿಯಿಲ್ಲ. ಮೂರನೆಯ ಸಲ ನಾನು 200 ಗ್ರಾಂ ಶೇಂಗಾ ಚಟ್ನಿಪುಡಿಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಪೊಟ್ಟಣದ ಮೇಲಿನ ಬೆಲೆ 70 ರೂಪಾಯಿ. ಅಂಗಡಿಯವರ ಪಾಲು 14 ಕಳೆದು ನನಗೆ 56. ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ, ಪ್ಯಾಕಿಂಗ್ ಸೇರಿ 41. ಗ್ಯಾಸು, ಕರೆಂಟು, ಹೆಂಗಸರ ಕೂಲಿ 11. ಉಳಿಯುವುದು 4. ಶೇಂಗಾ ಹುರಿದು ಸಿಪ್ಪೆ ತೂರಿದ ಮೇಲೆ ತೂಕ ಇಳಿಯುವುದನ್ನೂ ಹಿಡಿದಿದ್ದೇನೆ ಎಂದು ಹೆಮ್ಮೆಯಿಂದಲೇ ಹೇಳಿದೆ.

ಟೈಲರ್ ಹಾಳೆಯನ್ನು ಹತ್ತಿರ ಹಿಡಿದು ನೋಡಿದರು. ಒಂದೊಂದು ಪೀಸಿಗೂ ಕೂಲಿ ಎಣಿಸುವ ಕೈ ಅದು. "ಅಕ್ಕಾ, ಇದರಲ್ಲಿ ನಿಮ್ಮ ಕೂಲಿ ಎಲ್ಲಿದೆ?" ಎಂದರು.

ಇರಲಿಲ್ಲ. ಅವಧಿ ಮುಗಿದು ವಾಪಸು ಬರುವ ಪೊಟ್ಟಣಗಳ ಲೆಕ್ಕವೂ ಇರಲಿಲ್ಲ. ಅದು ಸೇರಿದ್ದರೆ ಆ 4 ರೂಪಾಯಿಯೂ ಉಳಿಯುತ್ತಿರಲಿಲ್ಲ. ಮರುತಿಂಗಳು ಬೆಲೆ 80ಕ್ಕೆ ಏರಿಸಿದೆ. ಎರಡು ಅಂಗಡಿಗಳು ಕೈಬಿಟ್ಟವು, ಮಿಕ್ಕವು ಗೊಣಗಿ ಇಟ್ಟುಕೊಂಡವು. ಮನೆಯವರು ಇದೇ ಮಾತನ್ನು ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ.

ಅಂದಿನಿಂದ ನಮ್ಮ ಕಟ್ಟಳೆ ಇದು: ಒಂದು ಅಮಾವಾಸ್ಯೆಗೆ ಒಬ್ಬರದೇ ಸರದಿ. ಅವರು ಬರಬೇಕಾದ್ದು, ಕೊಡಬೇಕಾದ್ದು, ಕೈಯಲ್ಲಿರುವುದು, ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ತರಬೇಕು. ಮೊದಲ ಅರ್ಧ ಗಂಟೆ ಬರೀ ಪ್ರಶ್ನೆ, ಉಪದೇಶ ಆಮೇಲೆ. ಹಾಳೆ ಅಲ್ಲೇ ಹರಿಯಬೇಕು. ಕೂಟದೊಳಗೆ ಕೈಸಾಲವಿಲ್ಲ, ಜಾಮೀನಿಲ್ಲ, ಚೀಟಿಯೂ ಇಲ್ಲ. ಚೀಟಿ ಹಾಕೋಣ ಎಂದು ಕಿರಾಣಿಯವರು ಎರಡು ಸಲ ಹೇಳಿ ನೋಡಿದರು. ಒಬ್ಬರು ಕಂತು ತಪ್ಪಿಸಿದ ದಿನ ಕೂಟ ಮುರಿಯುತ್ತದೆ ಎಂದು ನಾವು ಒಪ್ಪಲಿಲ್ಲ.

ಇನ್ನು ಉದ್ರಿ. "ಇಂದು ನಗದು, ನಾಳೆ ಉದ್ರಿ" ಎಂಬ ಬೋರ್ಡು ಚಿಲ್ಲರೆ ಗಿರಾಕಿಗೆ ಸರಿ. ದೊಡ್ಡವರಿಗೆ ಮಾಲು ಕೊಡುವ ನಮ್ಮಂಥವರಿಗೆ ಅದು ನಡೆಯುವುದಿಲ್ಲ. ಊರೂರಿಗೆ ಮಳಿಗೆಯಿರುವ ಒಂದು ಸೂಪರ್ ಮಾರ್ಕೆಟ್‌ನಲ್ಲಿ ನನ್ನ 1,84,000 ರೂಪಾಯಿ ಏಳು ತಿಂಗಳು ನಿಂತಿತ್ತು. ಪ್ರೆಸ್ಸಿನವರು ಕೇಳಿದ್ದು ಒಂದೇ: "ಮಾಲು ತಲುಪಿದ್ದಕ್ಕೆ ಸಹಿ ಎಲ್ಲಿ?" ಅರ್ಧದಷ್ಟು ಚಲನ್‌ಗಳಲ್ಲಿ ಸಹಿಯೇ ಇರಲಿಲ್ಲ. ಅವುಗಳಿಗೆಲ್ಲ ಸಹಿ, ಸೀಲು ಹಾಕಿಸಲು ಮೂರು ವಾರ ಅಲೆದೆ.

ಪ್ರೆಸ್ಸಿನವರಿಂದಲೇ ತಿಳಿದದ್ದನ್ನು ನೀವೂ ಗುರುತು ಹಾಕಿಕೊಳ್ಳಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸಣ್ಣ ತಯಾರಕರಿಂದ ಮಾಲು ಪಡೆದವರು, ಬರಹದಲ್ಲಿ ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದಕ್ಕೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮವೆಂದು ಕೇಂದ್ರ ಸರ್ಕಾರದಲ್ಲಿ ಮಾಡಿಸುವ ನೋಂದಣಿ ಬೇಕು. ಆಧಾರ್ ಸಂಖ್ಯೆ ಕೊಟ್ಟು ಆನ್‌ಲೈನ್‌ನಲ್ಲಿ ಉಚಿತವಾಗಿ ಆಗುತ್ತದೆ; ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ಮಾಲು ಕಳಿಸುವ ಮೊದಲೇ ಮಾಡಿಸಿಟ್ಟರೆ ಆಮೇಲೆ ತಕರಾರಿಗೆ ಎಡೆಯಿರುವುದಿಲ್ಲ. ಬರೀ ಕೊಂಡು ಮಾರುವವರಿಗೆ ಈ ರಕ್ಷಣೆ ಇಲ್ಲ ಎಂದು ತಿಳಿದು ಕಿರಾಣಿಯವರು ಅಂದು ಮಿರ್ಚಿಯನ್ನೂ ಮುಟ್ಟಲಿಲ್ಲ.

ದೂರು ಕೊಟ್ಟರೆ ಆರ್ಡರ್ ನಿಲ್ಲುತ್ತದೆ ಎಂಬ ಹೆದರಿಕೆ ನನಗೂ ಇತ್ತು. ಅದಕ್ಕೆ ಭಟ್ಟಿಯವರು ಹೇಳಿದ ಉಪಾಯ: ಫೆಬ್ರುವರಿಯಲ್ಲಿ ನಯವಾದ ಒಂದು ಪತ್ರ, ಅದೂ ಅವರ ಲೆಕ್ಕಪತ್ರ ವಿಭಾಗಕ್ಕೆ. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಆದಾಯ ತೆರಿಗೆ ನಿಯಮದಂತೆ, ಗಡುವು ಮೀರಿ ಉಳಿಸಿಕೊಂಡ ಇಂಥ ಬಾಕಿಯನ್ನು ಹಣ ಕೊಡುವವರೆಗೆ ಖರ್ಚೆಂದು ತೋರಿಸುವಂತಿಲ್ಲ. ಹಾಗಾಗಿ ಮಾರ್ಚ್ ಕೊನೆಗೆ ವರ್ಷದ ಲೆಕ್ಕ ಮುಗಿಸುವ ಮೊದಲು ಕೊಡಲು ಅವರೇ ನೋಡುತ್ತಾರೆ. ಪತ್ರದಲ್ಲಿ ಬಿಲ್ ಸಂಖ್ಯೆ, ತಾರೀಖು, ಉದ್ಯಮ್ ಸಂಖ್ಯೆ ಬರೆದೆ. ಬೈಗುಳ ಒಂದೂ ಇಲ್ಲ. ಮಾರ್ಚ್ 28ಕ್ಕೆ ಹಣ ಬಂತು. ಆರ್ಡರ್ ಅರ್ಧಕ್ಕಿಳಿಯಿತು, ಅದೂ ನಿಜ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ನಾವು ಆರೂ ಜನ ದುಡ್ಡು ಸೇರಿಸಿ ಆಡಿಟರ್ ಅವರನ್ನು ಒಂದು ಗಂಟೆ ಕೂರಿಸಿಕೊಂಡೆವು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಎಂಬ ಮಿತಿ ಎಲ್ಲರಿಗೂ ಗೊತ್ತಿತ್ತು. ಬೇಕರಿಯವರು ತಂಗಿಯ ಚೀಟಿ ಹಣವನ್ನೂ ಅಂಗಡಿಯ ಕ್ಯೂಆರ್ ಕೋಡಿಗೇ ಹಾಕಿಸಿಕೊಳ್ಳುತ್ತಿದ್ದದ್ದು ಮಾತ್ರ ಅಂದೇ ಹೊರಬಿತ್ತು. ಮರುದಿನವೇ ಬೇರೆ ಖಾತೆ ತೆರೆದರು.

ದೊಡ್ಡ ಸಂಘಗಳು ಬೇಡವೆಂದಲ್ಲ. ಸಣ್ಣ ಕೈಗಾರಿಕೆಗಳವರ 1949ರ ಕಾಸಿಯಾ, ಮಹಿಳಾ ಉದ್ಯಮಿಗಳ 1983ರ ಅವೇಕ್, ಇವೆರಡೂ ಬೆಂಗಳೂರಿನಲ್ಲಿವೆ. ಜಿಲ್ಲೆಗೊಂದು ಕೈಗಾರಿಕಾ ಕೇಂದ್ರವೂ ಇದೆ. ತರಬೇತಿಗೆ, ಯೋಜನೆಗಳ ಮಾಹಿತಿಗೆ ಅಲ್ಲಿಗೇ ಹೋಗಿ. ಆದರೆ "ಈ ಶನಿವಾರ ಕೂಲಿ ಬಟವಾಡೆಗೆ ದುಡ್ಡಿಲ್ಲ" ಎಂಬ ಮಾತನ್ನು ಸಭಾಂಗಣದಲ್ಲಿ ಎದ್ದು ನಿಂತು ಹೇಳಲಾಗುವುದಿಲ್ಲ.

ಬರುವ ಅಮಾವಾಸ್ಯೆ ಬೇಕರಿಯವರ ಸರದಿ. ಹೊಸ ಓವನ್‌ಗೆ ಸಾಲ ತೆಗೆಯಬೇಕೇ ಎಂಬುದು ಪ್ರಶ್ನೆ. ಹಾಳೆ ಬರೆದು ತರದಿದ್ದರೆ ಅಂದಿನ ಮಿರ್ಚಿ ಅವರ ಖರ್ಚು.