ತುಕ್ಕು ತಿಂದ ತೊಲೆಗಳಿಗೆ ಬಸಾಲ್ಟ್ ನಾರಿನ ಬಟ್ಟೆ: ನನ್ನ ಅನುಭವ

ಸಮುದ್ರದ ನೀರನ್ನು ಎತ್ತುವ ಪಂಪ್‌ಹೌಸ್ ಒಂದರ ಕಂಬ ಮತ್ತು ತೊಲೆಗಳ ದುರಸ್ತಿಯ ಹೊಣೆ ನನಗೆ ಬಂದಾಗ, ಆ ಕಟ್ಟಡಕ್ಕೆ ಅದು ಮೂರನೆಯ ದುರಸ್ತಿಯಾಗಿತ್ತು. ಹಿಂದಿನ ಎರಡು ಸಲವೂ ಉದುರಿದ ಭಾಗವನ್ನು ಕೆತ್ತಿ, ಹೊಸ ಸರಳು ಕಟ್ಟಿ, ಗಾರೆ ಮೆತ್ತಿದ್ದರು. ಕೆಲವೇ ವರ್ಷಗಳಲ್ಲಿ ಹೊಸ ಸರಳುಗಳೂ ತುಕ್ಕು ಹಿಡಿದು ಗಾರೆಯನ್ನು ಹೊರಕ್ಕೆ ತಳ್ಳಿದ್ದವು. ಒಳ್ಳೆಯ ಕಾಂಕ್ರೀಟು ತುಂಬ ಕ್ಷಾರೀಯ, ಅದರ ಪಿಎಚ್ ಮಟ್ಟ 12.5ಕ್ಕಿಂತ ಹೆಚ್ಚಿರುವುದರಿಂದ ಸರಳಿನ ಮೇಲೆ ರಕ್ಷಣೆಯ ತೆಳುಪದರ ಉಳಿಯುತ್ತದೆ. ಉಪ್ಪಿನ ಕ್ಲೋರೈಡ್ ಸರಳಿನವರೆಗೆ ಇಳಿದರೆ ಆ ಪದರ ಒಡೆಯುತ್ತದೆ, ಮತ್ತು ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಮತ್ತೆ ಕಬ್ಬಿಣವನ್ನೇ ಸೇರಿಸುವುದರಲ್ಲಿ ಅರ್ಥವಿಲ್ಲ ಎನಿಸಿ, ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಿಂದ ಕಾಂಕ್ರೀಟಿನ ಹೊರಮೈಗೆ ಅಂಟಿಸಿ ಬಲ ಕೊಡುವ ಬಸಾಲ್ಟ್ ಬಟ್ಟೆಯತ್ತ ನಾನು ತಿರುಗಿದೆ.

ಜ್ವಾಲಾಮುಖಿಯ ಕಪ್ಪು ಶಿಲೆಯನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಸಣ್ಣ ರಂಧ್ರಗಳ ಮೂಲಕ ಎಳೆದು ಮಾಡುವ ನಾರು ಇದು. 1923ರಲ್ಲೇ ಇದಕ್ಕೆ ಅಮೆರಿಕದಲ್ಲಿ ಪೇಟೆಂಟ್ ದೊರೆತಿತ್ತು. ಕಾರ್ಬನ್ ಬಟ್ಟೆ ಇದಕ್ಕಿಂತ ಬಿಗಿಯಾದದ್ದು ನಿಜ; ಆದರೆ ಕಾರ್ಬನ್ ವಿದ್ಯುತ್ತನ್ನು ಹಾಯಿಸುತ್ತದೆ, ಉಪ್ಪುನೀರಿನ ತೇವದಲ್ಲಿ ಅದು ಸರಳನ್ನು ಮುಟ್ಟಿದರೆ ಸರಳಿನ ತುಕ್ಕು ಇನ್ನಷ್ಟು ಬೇಗ ಬೆಳೆಯುತ್ತದೆ. ಬಸಾಲ್ಟಿನಲ್ಲಿ ಆ ಭಯವಿಲ್ಲ. ಅಲ್ಲಿ ಎಷ್ಟೋ ಕಡೆ ಸರಳುಗಳು ಬೆತ್ತಲಾಗಿ ನಿಂತಿದ್ದುದರಿಂದ ನನ್ನ ಆಯ್ಕೆಗೆ ಇದೇ ಮುಖ್ಯ ಕಾರಣವಾಯಿತು.

ಲೆಕ್ಕ ಹಾಕುವಾಗ ಒಂದು ವಿಷಯದಲ್ಲಿ ಎಚ್ಚರ ಬೇಕು. ನಾರಿನ ಎಳೆತದ ಬಲ ಸರಳಿಗಿಂತ ಹಲವು ಪಟ್ಟು ಹೆಚ್ಚೆಂದು ಸಂತೋಷಪಡುವವರು ಅದರ ಬಿಗಿತವನ್ನು ಮರೆಯುತ್ತಾರೆ. ಬಿಗಿತದ ಅಳತೆಯಾದ ಸ್ಥಿತಿಸ್ಥಾಪಕ ಗುಣಾಂಕ ಉಕ್ಕಿಗೆ 200 ಗಿಗಾಪಾಸ್ಕಲ್ ಆದರೆ ಬಸಾಲ್ಟ್ ನಾರಿನದು 90ರ ಆಸುಪಾಸು. ಅಂದರೆ ಅಷ್ಟೇ ಅಡ್ಡಕೊಯ್ತಕ್ಕೆ ಅಷ್ಟೇ ಭಾರ ಹಾಕಿದರೆ ಇದು ಎರಡು ಪಟ್ಟಿಗೂ ಮಿಗಿಲಾಗಿ ಹಿಗ್ಗುತ್ತದೆ. ಉಕ್ಕಿನಂತೆ ಬಾಗಿ, ಸೋತು, ಮುನ್ಸೂಚನೆ ಕೊಡುವ ಗುಣವೂ ಇದಕ್ಕಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ನಾರು ಹರಿಯುವ ಮೊದಲೇ ಬಟ್ಟೆ ಕಾಂಕ್ರೀಟಿನಿಂದ ಸಿಪ್ಪೆಯಂತೆ ಏಳುತ್ತದೆ. ಆದ್ದರಿಂದ ನಾನು ಹರಿಯುವ ಬಲವನ್ನು ಬದಿಗಿಟ್ಟು, ಅಂಟು ತಾಳಿಕೊಳ್ಳುವಷ್ಟು ಹಿಗ್ಗುವಿಕೆಯನ್ನೇ ಮಿತಿಯಾಗಿ ಹಿಡಿದೆ.

ಮೊದಲ ಕಂಬದಲ್ಲಿ ನಾನು ತಪ್ಪು ಮಾಡಿದೆ. ಬಿರುಕುಗಳು ಸಣ್ಣವಾಗಿದ್ದವು, ಮೇಲ್ಮೈ ಗಟ್ಟಿಯಾಗಿ ಕಂಡಿತು. ಒಳಗಿನ ತುಕ್ಕನ್ನು ಬಿಚ್ಚಿ ನೋಡದೆ, ಮೇಲ್ಮೈಯನ್ನು ಗ್ರೈಂಡರ್‌ನಿಂದ ಉಜ್ಜಿಸಿ ಬಟ್ಟೆ ಸುತ್ತಿಸಿದೆ. ಎಂಟು ತಿಂಗಳ ಬಳಿಕ ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಒಂದು ಮೂಲೆಯಲ್ಲಿ ಟೊಳ್ಳು ಸದ್ದು ಬಂತು. ಕತ್ತರಿಸಿ ತೆಗೆದರೆ, ಬಟ್ಟೆಗೆ ಒಂದಿಷ್ಟೂ ಹಾನಿಯಾಗಿರಲಿಲ್ಲ. ಅದರ ಬೆನ್ನಿಗೆ ಕಾಂಕ್ರೀಟಿನ ಚಕ್ಕೆ ಅಂಟಿಕೊಂಡೇ ಬಂತು, ಚಕ್ಕೆಯ ಹಿಂದೆ ಸರಳು ಒದ್ದೆಯಾಗಿ, ಕಂದು ಪುಡಿ ಉದುರಿಸುತ್ತಿತ್ತು. ಬಟ್ಟೆ ತುಕ್ಕನ್ನು ನಿಲ್ಲಿಸುವುದಿಲ್ಲ, ತಾನು ತುಕ್ಕು ಹಿಡಿಯುವುದಿಲ್ಲ ಅಷ್ಟೇ ಎಂಬುದನ್ನು ಆ ಕಂಬದ ಮುಂದೆ ನಿಂತು ಅರಿತೆ.

ಅಲ್ಲಿಂದ ಮುಂದೆ ಅರ್ಧಕ್ಕಿಂತ ಹೆಚ್ಚು ದಿನಗಳು ಬಟ್ಟೆಗೆ ಮುಂಚಿನ ಕೆಲಸಕ್ಕೇ ಹೋದವು. ತೊಲೆಗೆ ಜಾಕ್‌ಗಳ ಆಸರೆ ಕೊಟ್ಟು, ಸರಳಿನ ಹಿಂದೆಯೂ ಬೆರಳು ಹೋಗುವಷ್ಟು ಕೆತ್ತಿ, ತುಕ್ಕನ್ನು ಲೋಹ ಹೊಳೆಯುವವರೆಗೆ ತೆಗೆದು, ಸಿಹಿನೀರನ್ನು ಒತ್ತಡದಿಂದ ಹಾಯಿಸಿ ಉಪ್ಪನ್ನು ತೊಳೆದು, ಒಣಗಿದ ಮೇಲೆ ಸರಳಿಗೆ ಪ್ರೈಮರ್ ಬಳಿದು, ದುರಸ್ತಿ ಗಾರೆ ತುಂಬಿದೆವು. ಮೇಲಿನ ಸ್ಲ್ಯಾಬಿನ ಸೋರಿಕೆಯನ್ನು ಅದಕ್ಕೂ ಮೊದಲೇ ನಿಲ್ಲಿಸಿದ್ದೆವು. ತೊಲೆಯ ಅಂಚುಗಳನ್ನು 20 ಮಿಲಿಮೀಟರ್ ತ್ರಿಜ್ಯಕ್ಕೆ ದುಂಡಗೆ ಮಾಡಿದೆವು, ಏಕೆಂದರೆ ಚೂಪಾದ ಅಂಚಿನಲ್ಲಿ ನಾರು ಮುರಿಯುತ್ತದೆ.

ಕಡಲ ಹತ್ತಿರ ಬೆಳಗಿನ ಹೊತ್ತು ಕಾಂಕ್ರೀಟು ಕೈಗೆ ತೇವವಾಗಿ ಹತ್ತುತ್ತದೆ. ಮೇಲ್ಮೈಯ ಉಷ್ಣತೆ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆಗಿಂತ, ಕನಿಷ್ಠ 3 ಡಿಗ್ರಿ ಹೆಚ್ಚಾಗುವವರೆಗೆ ನಾವು ಎಪಾಕ್ಸಿ ಡಬ್ಬ ತೆರೆಯುತ್ತಿರಲಿಲ್ಲ. ಕಲಸಿದ ಎಪಾಕ್ಸಿಯನ್ನು ಬಕೆಟ್ಟಿನಲ್ಲೇ ಬಿಟ್ಟರೆ ತನ್ನ ಬಿಸಿಗೇ ಬೇಗ ಗಟ್ಟಿಯಾಗುತ್ತದೆ. ಅಗಲವಾದ ತಟ್ಟೆಗೆ ಸುರಿದುಕೊಂಡರೆ ಇನ್ನಷ್ಟು ಸಮಯ ಸಿಗುತ್ತದೆ.

ಒಂದೇ ದಿಕ್ಕಿನ ಎಳೆಗಳ ಬಟ್ಟೆಯನ್ನು ನಾವು ಬಳಸಿದ್ದು. ಅದನ್ನು ಮಡಚಿಡಬಾರದು, ಸುರುಳಿಯಲ್ಲೇ ಇರಬೇಕು. ಕತ್ತರಿಸುವವರಿಗೆ ಕೈಗವಸು, ಮುಖಗವಸು ಬೇಕೇ ಬೇಕು, ಇಲ್ಲವಾದರೆ ಒಡೆದ ಎಳೆಗಳು ಚರ್ಮಕ್ಕೆ ಚುಚ್ಚಿ ತುರಿಕೆ ತರುತ್ತವೆ. ಗಾಜಿನ ನಾರಿನ ಬಟ್ಟೆ ಎಪಾಕ್ಸಿ ಕುಡಿದರೆ ಪಾರದರ್ಶಕವಾಗಿ, ಎಪಾಕ್ಸಿ ತಾಗದೆ ಒಣದಾಗಿ ಉಳಿದ ಭಾಗ ಬೆಳ್ಳಗೆ ಎದ್ದು ಕಾಣುತ್ತದೆ. ಬಸಾಲ್ಟ್ ಹಾಗಲ್ಲ: ಕಂಚಿನ ಬಣ್ಣದ ಬಟ್ಟೆ ಗಾಢ ಕಂದು ಬಣ್ಣಕ್ಕೆ ತಿರುಗುತ್ತದೆ, ಒಣ ಭಾಗ ಕೊಂಚ ಮಂಕಾಗಿ ಉಳಿಯುತ್ತದೆ, ನೆರಳಿನಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಒಬ್ಬರು ದೀಪವನ್ನು ಓರೆಯಾಗಿ ಹಿಡಿಯುತ್ತಿದ್ದರು, ಇನ್ನೊಬ್ಬರು ಎಳೆಯ ಉದ್ದಕ್ಕೇ ರೋಲರ್ ಒತ್ತಿ ಎಪಾಕ್ಸಿ ಮೇಲಕ್ಕೆ ಜಿನುಗುವವರೆಗೆ ಗಾಳಿಯನ್ನು ಹೊರದೂಡುತ್ತಿದ್ದರು. ಈ ತಾಳ್ಮೆಗೆ ಬೇರೆ ಕಾರಣವೂ ಇದೆ. ಬಸಾಲ್ಟಿಗೆ ಕ್ಷಾರ ತಾಗುವುದೇ ಇಲ್ಲ ಎಂದು ಹೇಳುವವರಿದ್ದಾರೆ. ಆದರೆ ಅದರಲ್ಲಿರುವ ಸಿಲಿಕಾವನ್ನು ಕಾಂಕ್ರೀಟಿನ ಕ್ಷಾರ ನಿಧಾನವಾಗಿ ಕರಗಿಸಬಲ್ಲದು. ನಾರಿನ ಬಾಳಿಕೆಯನ್ನು ಕಾಯುವುದು ಅದನ್ನು ಪೂರ್ತಿ ಆವರಿಸಿದ ಎಪಾಕ್ಸಿಯೇ.

ತೊಲೆಯ ತಳಕ್ಕೆ ಉದ್ದಕ್ಕೆ ಎರಡು ಪದರ, ಪಕ್ಕಗಳಿಗೆ ಏರುವಂತೆ ಅಡ್ಡಪಟ್ಟಿಗಳು. ಪಟ್ಟಿಗಳ ನಡುವೆ ಜಾಗ ಬಿಟ್ಟದ್ದು ಒಳಗಿನ ತೇವ ಹೊರಹೋಗಲೆಂದು. ಕೊನೆಯ ಎಪಾಕ್ಸಿ ಹಸಿಯಿರುವಾಗಲೇ ಒಣ ಮರಳು ಎರಚಿ, ಗಟ್ಟಿಯಾದ ಮೇಲೆ ಬಿಸಿಲು ತಾಗದಂತೆ ಗಾರೆ ಹಚ್ಚಿದೆವು. ನಾರು ನೂರಾರು ಡಿಗ್ರಿ ತಾಳಿದರೂ ಸಾಮಾನ್ಯ ಎಪಾಕ್ಸಿ 60ರಿಂದ 80 ಡಿಗ್ರಿಯಲ್ಲೇ ಮೆತ್ತಗಾಗುತ್ತದೆ. ಬೆಂಕಿ ಬಿದ್ದಾಗ ಬಟ್ಟೆಯ ನೆರವಿಲ್ಲದೆಯೂ ತೊಲೆ ತನ್ನ ಭಾರ ಹೊರಬಲ್ಲದೇ ಎಂದು ಮೊದಲೇ ಲೆಕ್ಕ ಹಾಕಿದ್ದೆ.

ಗಾರೆ ಹಚ್ಚುವ ಮುನ್ನ, ಅಂಟು ಎಷ್ಟು ಗಟ್ಟಿಯೆಂದು ತಿಳಿಯಲು ಬಟ್ಟೆಯ ಮೇಲೆ ಅಲ್ಲಲ್ಲಿ ಬಿಲ್ಲೆ ಅಂಟಿಸಿ ಎಳೆದು ನೋಡಿದೆವು. 1.4 ಮೆಗಾಪಾಸ್ಕಲ್‌ಗಿಂತ ಕಡಿಮೆಗೆ ಕಿತ್ತುಬಂದರೆ ಆ ಭಾಗವನ್ನು ಒಪ್ಪುವಂತಿರಲಿಲ್ಲ. ಎಲ್ಲ ಬಿಲ್ಲೆಗಳೂ ಆ ಮಿತಿಯನ್ನು ದಾಟಿದವು, ಒಂದನ್ನು ಬಿಟ್ಟು ಉಳಿದವುಗಳ ಬೆನ್ನಿಗೆ ಕಾಂಕ್ರೀಟು ಅಂಟಿಕೊಂಡು ಬಂತು. ಆ ಒಂದರಡಿ ಬಟ್ಟೆ ನುಣ್ಣಗೆ ಎದ್ದಿತ್ತು, ಅಂದರೆ ಅಲ್ಲಿ ಸೋತದ್ದು ಕಾಂಕ್ರೀಟಲ್ಲ, ಅಂಟು. ಅಳತೆ ಸರಿಯಿದ್ದರೂ ನನಗೆ ಸಮಾಧಾನವಾಗಲಿಲ್ಲ. ಆ ಪಟ್ಟಿಯನ್ನು ಪೂರ್ತಿ ಬಿಚ್ಚಿಸಿ, ಮೇಲ್ಮೈಯನ್ನು ಮತ್ತೆ ಉಜ್ಜಿಸಿ, ಮರುದಿನ ಮಧ್ಯಾಹ್ನ ಹೊಸ ತುಂಡನ್ನು ಅಂಟಿಸಿದೆವು.