ಮಳೆ ನೋಡಿ ಪಾಠ ಜೋಡಿಸುವುದು: ಕೊಡಗಿನ ಪ್ರಾಥಮಿಕ ಶಾಲೆಗೆ ಏಳು ವರ್ಷದ ವಿಜ್ಞಾನ ಯೋಜನೆ

ವಿಜ್ಞಾನದ ವಾರ್ಷಿಕ ಕ್ರಿಯಾ ಯೋಜನೆಯನ್ನು ಸಾಮಾನ್ಯವಾಗಿ ಪಠ್ಯಪುಸ್ತಕದ ಪರಿವಿಡಿ ಮುಂದಿಟ್ಟುಕೊಂಡೇ ಬರೆಯುತ್ತಾರೆ. ಮೊದಲ ಘಟಕ ಜೂನ್‌ಗೆ, ಎರಡನೆಯದು ಜುಲೈಗೆ, ಹೀಗೆ. ಕೊಡಗಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ನೆರಳಿನ ಪಾಠ ಜುಲೈಗೆ ಬಿದ್ದರೆ ಅಂಗಳದಲ್ಲಿ ನೆರಳೇ ಇರುವುದಿಲ್ಲ. ಬಾಚಣಿಗೆ ಉಜ್ಜಿ ಕಾಗದದ ಚೂರು ಎತ್ತುವ ಪ್ರಯೋಗ ಆಗಸ್ಟ್‌ಗೆ ಬಂದರೆ ಒಂದು ಚೂರೂ ಏಳದು, ತೇವದ ಗಾಳಿಯಲ್ಲಿ ಆವೇಶ ನಿಲ್ಲುವುದಿಲ್ಲ. ಇನ್ನು ಕಾಫಿ ಹೂ ಅರಳುವ ಹೊತ್ತಿಗೆ ಪರಾಗಸ್ಪರ್ಶದ ಪಾಠ ಮುಗಿದು ಎಷ್ಟೋ ತಿಂಗಳಾಗಿರುತ್ತದೆ. ಆದ್ದರಿಂದ ನಾವು ಮೊದಲು ಕ್ಯಾಲೆಂಡರ್ ತೆಗೆಯುತ್ತೇವೆ, ಪುಸ್ತಕ ಆಮೇಲೆ. ಅದೂ ಒಂದು ತರಗತಿಯದ್ದಲ್ಲ, ನಲಿ-ಕಲಿಯ (ಚಟುವಟಿಕೆಯ ಮೂಲಕ ಕಲಿಸುವ ಕ್ರಮದ) 1ರಿಂದ 3, ಪರಿಸರ ಅಧ್ಯಯನದ 4 ಮತ್ತು 5, ವಿಜ್ಞಾನದ 6 ಮತ್ತು 7, ಎಲ್ಲವನ್ನೂ ಒಟ್ಟಿಗೆ ಹರಡಿಕೊಂಡು.

ಕೆಲಸ ಶುರುವಾಗುವುದು ನಾಲ್ಕು ಡ್ರಾಯಿಂಗ್ ಶೀಟ್ ಅಂಟಿಸಿದ ಒಂದು ದೊಡ್ಡ ಹಾಳೆಯಿಂದ. ಮೇಲ್ಗಡೆ ಜೂನ್‌ನಿಂದ ಏಪ್ರಿಲ್‌ವರೆಗಿನ ತಿಂಗಳು, ಎಡಕ್ಕೆ ಏಳು ತರಗತಿ. ಏಳೂ ಪುಸ್ತಕಗಳ ಒಂದೊಂದು ಘಟಕಕ್ಕೂ ಒಂದೊಂದು ಚೀಟಿ. ಚೀಟಿಯ ಮೇಲೆ ಘಟಕದ ಹೆಸರಷ್ಟೇ ಸಾಲದು, ಅದಕ್ಕೆ ಬೇಕಾದ ಹೊರಗಿನ ವಸ್ತು ಏನು (ಬಿಸಿಲು, ಮಳೆ, ಹೂವು, ರಾತ್ರಿ ಆಕಾಶ, ಏನೂ ಬೇಡ) ಮತ್ತು ಬೇಕಾದ ಗಣಿತ ಏನು ಎಂದೂ ಬರೆಯಬೇಕು. ಎರಡನೆಯದನ್ನು ಬಿಟ್ಟರೆ ಯೋಜನೆ ತರಗತಿಯೊಳಗೆ ಕುಂಟುತ್ತದೆ. ದಶಮಾಂಶ ಇನ್ನೂ ಗಟ್ಟಿಯಾಗದ ಮಕ್ಕಳಿಗೆ 12.5 ಮಿ.ಮೀ. ಎಂದು ಬರೆಸಲು ಹೋದರೆ ಆ ಅವಧಿ ಗಣಿತದ ಪಾಲಾಗುತ್ತದೆ. ನಾಲ್ಕನೇ ತರಗತಿಯಲ್ಲಿ ಪೂರ್ಣಸಂಖ್ಯೆಯ ಮಿಲಿಮೀಟರ್ ಸಾಕು. ಚೀಟಿಗಳನ್ನು ಗುಂಡುಪಿನ್ನಿನಲ್ಲಿ ಚುಚ್ಚಿ, ಅಂಟಿಸಬೇಡಿ. ಮೊದಲ ವಾರದಲ್ಲೇ ಅರ್ಧದಷ್ಟು ಜಾಗ ಬದಲಾಗುತ್ತವೆ.

ಘಟಕ ಬಿಡುವ ಸ್ವಾತಂತ್ರ್ಯ ನಮಗಿಲ್ಲ, ಕ್ರಮ ಬದಲಿಸುವ ಅವಕಾಶ ಮಾತ್ರ ಇದೆ. ಅದಕ್ಕೂ ಒಂದು ಮಿತಿ: ಮೊದಲ ಸಂಕಲನಾತ್ಮಕ ಮೌಲ್ಯಮಾಪನದ (ಅರ್ಧ ವರ್ಷದ ಪರೀಕ್ಷೆಯ) ಭಾಗದಿಂದ ಎರಡನೆಯದಕ್ಕೆ ಘಟಕ ಸರಿಸುವುದಾದರೆ ಪ್ರಶ್ನೆಪತ್ರಿಕೆ ಎಲ್ಲಿ ತಯಾರಾಗುತ್ತದೆ ಎಂದು ನೋಡಿಕೊಳ್ಳಬೇಕು. ಶಾಲೆಯಲ್ಲೇ ಆದರೆ ತೊಂದರೆಯಿಲ್ಲ. ಹೊರಗಿನಿಂದ ಬರುವುದಾದರೆ ಜೂನ್‌ನ ಸಮಾಲೋಚನಾ ಸಭೆಯಲ್ಲೇ ಸಿ.ಆರ್.ಪಿ.ಯವರ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ) ಮುಂದೆ ಮಾತಾಡಿ ಉಳಿದ ಶಾಲೆಗಳನ್ನೂ ಒಪ್ಪಿಸಿಕೊಳ್ಳಬೇಕು. ಸೆಪ್ಟೆಂಬರ್‌ನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಅವಧಿಗಳ ಲೆಕ್ಕವನ್ನು ಕೈಬಿಗಿ ಹಿಡಿದು ಹಾಕಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ಕ್ಕೆ 200, 6ರಿಂದ 8ಕ್ಕೆ 220 ಕೆಲಸದ ದಿನ. ಮಳೆ ರಜೆ ಕೊಟ್ಟರೆ ಶನಿವಾರ ಮಧ್ಯಾಹ್ನ, ಇಲ್ಲವೇ ರಜಾದಿನ ತರಗತಿ ನಡೆಸಿ ದಿನ ತುಂಬಿಸಬಹುದು, ಆದರೆ ಆ ದಿನಗಳಲ್ಲಿ ಪ್ರಯೋಗ ನಡೆಯುವುದು ಅಷ್ಟಕ್ಕಷ್ಟೇ. ವಾರಕ್ಕೆ ಐದು ಅವಧಿಯಂತೆ 30 ವಾರಕ್ಕೆ 150 ಎಂದು ಹಿಡಿದರೆ, ಚೀಟಿಗಳಿಗೆ ಹಂಚುವುದು 110 ಮಾತ್ರ. ಉಳಿದ 40ರಲ್ಲಿ 25ನ್ನು ಜೂನ್‌ನಿಂದ ಸೆಪ್ಟೆಂಬರ್‌ಗೆ, 15ನ್ನು ಕಾಫಿ ಕುಯ್ಲಿನ ತಿಂಗಳುಗಳಿಗೆ ಖಾಲಿ ಬಿಡುತ್ತೇವೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ಮಕ್ಕಳ ಹಾಜರಾತಿ ಏರುಪೇರಾಗುತ್ತದೆ, ಕೆಲಸಕ್ಕೆ ಬಂದ ಕುಟುಂಬಗಳ ಹೊಸ ಮಕ್ಕಳೂ ನಡುವೆ ಸೇರುತ್ತಾರೆ. ಒಂದರ ಮೇಲೊಂದು ನಿಲ್ಲುವ ಘಟಕಗಳನ್ನು (ಅಳತೆ, ಅದರ ಮೇಲೆ ಚಲನೆ, ಕೋಶ, ಅದರ ಮೇಲೆ ಅಂಗಾಂಶ) ಆ ತಿಂಗಳುಗಳಿಗೆ ಹಾಕಬಾರದು. ಒಂದೇ ದಿನದಲ್ಲಿ ಶುರುವಾಗಿ ಮುಗಿಯುವ ಕಾಂತ, ವಿದ್ಯುತ್, ಬೆಳಕು ಅಲ್ಲಿಗೆ ಸರಿ. ಗಾಳಿಯೂ ಒಣಗಿರುವುದರಿಂದ ಬಾಚಣಿಗೆ ಪ್ರಯೋಗವೂ ಆಗ ಕೈಕೊಡುವುದಿಲ್ಲ.

ಮಳೆ ಮಾಪಕ: ಏಳು ವರ್ಷವನ್ನು ಹಿಡಿದಿಡುವ ದಾರ

ಎಲ್ಲ ತರಗತಿಗೂ ಸಾಗುವ ಒಂದು ಚಟುವಟಿಕೆ ಇಲ್ಲದಿದ್ದರೆ ಅದು ಏಳು ಬಿಡಿ ಯೋಜನೆಗಳ ಕಂತೆ, ಅಷ್ಟೇ. ಇಲ್ಲಿ ಅದಕ್ಕೆ ಮಳೆಗಿಂತ ಒಳ್ಳೆಯದು ಬೇರೆ ಇಲ್ಲ. ಒಂದನೇ ತರಗತಿ ಮಳೆ ಬಂದ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ನೀಲಿ ಚುಕ್ಕೆ ಇಡುತ್ತದೆ. ಎರಡನೆಯದು ತಿಂಗಳ ಚುಕ್ಕೆ ಎಣಿಸುತ್ತದೆ. ಮೂರನೆಯದು ಲೋಟದಲ್ಲಿ ಸಿಕ್ಕ ನೀರನ್ನು ಹೆಚ್ಚು–ಕಡಿಮೆ ಎಂದು ಹೋಲಿಸುತ್ತದೆ. ನಾಲ್ಕನೆಯದು ಮಿಲಿಮೀಟರ್ ಓದುತ್ತದೆ, ಐದನೆಯದು ವಾರದ ಮೊತ್ತದ ಸ್ತಂಭಾಲೇಖ ಬರೆಯುತ್ತದೆ. ಆರನೆಯದು ಇಂಚು ಮತ್ತು ಸೆಂಟಿನ ಲೆಕ್ಕವನ್ನು ಮಿಲಿಮೀಟರ್‌ಗೆ ತಿರುಗಿಸುತ್ತದೆ. ತೋಟಗಳಲ್ಲಿ ಮಳೆ ಬರೆದಿಡುವುದು ಇಂದಿಗೂ ಇಂಚಿನಲ್ಲೇ. 1 ಇಂಚು ಎಂದರೆ 25.4 ಮಿ.ಮೀ., ಅದರ ನೂರನೇ ಒಂದು ಪಾಲು ಒಂದು ಸೆಂಟು. ಪಕ್ಕದ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಅವರ ಮಳೆ ಪುಸ್ತಕ ಕೇಳಿದರೆ ಹಳೆಯ ವರ್ಷಗಳ ಅಂಕಿಯೂ ಸಿಗುತ್ತದೆ. ಏಳನೆಯದು ಶಾಲೆಯ ಹಿಂದಿನ ವರ್ಷಗಳ ದಾಖಲೆ ತೆಗೆದು ಹೋಲಿಸುತ್ತದೆ. ಭಾಗಮಂಡಲ ಕಡೆಯ ಒಂದು ಶಾಲೆ, ಕುಶಾಲನಗರ ಕಡೆಯ ಒಂದು ಶಾಲೆ ಫೋನಿನಲ್ಲಿ ಅದೇ ವಾರದ ಅಂಕಿ ಹೇಳಿಕೊಂಡರೆ ಪಶ್ಚಿಮ ಘಟ್ಟದ ಮಳೆ ನೆರಳನ್ನು (ಬೆಟ್ಟದ ಆಚೆ ಬದಿಗೆ ಮಳೆ ಕಡಿಮೆಯಾಗುವುದನ್ನು) ಬೇರೆ ಪಾಠವಾಗಿ ಮಾಡಬೇಕಾಗಿಲ್ಲ.

ಮಾಪಕಕ್ಕೆ 2 ಲೀಟರ್‌ನ ತಂಪು ಪಾನೀಯದ ಬಾಟಲಿ ಸಾಕು. ಮೇಲಿನ ಕೊಳವೆ ಭಾಗ ಕತ್ತರಿಸಿ, ತಲೆಕೆಳಗಾಗಿ ಅದರೊಳಗೇ ಇಡಬೇಕು. ಬೇರೆ ಅಗಲದ ಆಲಿಕೆ ಇಟ್ಟರೆ ಎತ್ತರದ ಲೆಕ್ಕವೇ ಕೆಡುತ್ತದೆ, ಬಾಯಿಯ ಅಗಲವೂ ಒಳಗಿನ ಅಗಲವೂ ಒಂದೇ ಇದ್ದಾಗ ಮಾತ್ರ ನೀರಿನ ಎತ್ತರವೇ ಮಳೆಯ ಅಳತೆ. ತಳ ಉಬ್ಬುತಗ್ಗು ಇರುವುದರಿಂದ ಕಲ್ಲುಹರಳು ತುಂಬಿ, ನೇರ ಭಾಗ ಶುರುವಾಗುವವರೆಗೆ ನೀರು ಹಾಕಿ ಅಲ್ಲಿ ಸೊನ್ನೆ ಗೆರೆ ಎಳೆಯಿರಿ. ಖಾಲಿ ಮಾಡುವಾಗ ಸೊನ್ನೆ ಗೆರೆಯವರೆಗೆ ನೀರು ಉಳಿಸಬೇಕು, ಮಕ್ಕಳು ಮರೆಯುವುದು ಇದನ್ನೇ. ಮರದಿಂದ, ಸೂರಿನಿಂದ ದೂರ, ಬಯಲಿನಲ್ಲಿ ಇಟ್ಟಿಗೆಗಳ ನಡುವೆ ಭದ್ರವಾಗಿ ನಿಲ್ಲಿಸಿ. ಹವಾಮಾನ ಇಲಾಖೆಯ ಕ್ರಮದಂತೆ ಬೆಳಗ್ಗೆ 8.30ಕ್ಕೆ ಓದುವುದು ಒಳ್ಳೆಯದು. ಇಲ್ಲಿನ ತೊಂದರೆ ಏನೆಂದರೆ, ಬಾಟಲಿಯ ನೇರ ಭಾಗಕ್ಕೆ ಹಿಡಿಯುವುದು ಸುಮಾರು 150 ಮಿ.ಮೀ., ದೊಡ್ಡ ಮಳೆಯ ದಿನ 200 ದಾಟುವುದುಂಟು. ಜುಲೈ, ಆಗಸ್ಟ್‌ನಲ್ಲಿ ಸಂಜೆ ಶಾಲೆ ಬಿಡುವಾಗಲೂ ಓದಿ ಖಾಲಿ ಮಾಡಿ, ಎರಡನ್ನೂ ಕೂಡಿಸಬೇಕು. ತುಂಬಿ ಚೆಲ್ಲಿದ್ದರೆ ‘ಚೆಲ್ಲಿದೆ’ ಎಂದೇ ಬರೆಯಲಿ, ಅಂದಾಜು ಅಂಕಿ ಬೇಡ. ಆಲೇಖದ ಅಳತೆಯನ್ನು ಜೂನ್‌ನಲ್ಲೇ ನಿಗದಿ ಮಾಡಿದರೆ ಜುಲೈಯ ಸ್ತಂಭ ಹಾಳೆಯಿಂದ ಹೊರಗೆ ಹೋಗುತ್ತದೆ, 1 ಸೆಂ.ಮೀ.ಗೆ 20 ಮಿ.ಮೀ. ಎಂದು ಇಟ್ಟುಕೊಂಡರೆ ವಾರದ 500 ಮಿ.ಮೀ. ಕೂಡ 25 ಸೆಂ.ಮೀ.ನಲ್ಲಿ ಮುಗಿಯುತ್ತದೆ.

ಮಣ್ಣು ಸವಕಳಿ ಕೂಡ ಮಳೆಗಾಲದ್ದೇ. ಎರಡು ಟ್ರೇ, 5 ಸೆಂ.ಮೀ. ಮಣ್ಣು, ಒಂದರಲ್ಲಿ ಮೂರು ವಾರ ಮೊದಲೇ ನೆಟ್ಟ ಹುಲ್ಲು. ಕೋನಮಾಪಕದಿಂದ ಎರಡನ್ನೂ 15 ಡಿಗ್ರಿಗೆ, ಆಮೇಲೆ 30 ಡಿಗ್ರಿಗೆ ಇಳಿಜಾರು ಮಾಡಿ, ತೂತು ಕೊರೆದ ಮಗ್ಗಿನಿಂದ 2 ಲೀಟರ್ ನೀರು ಸುರಿದು, ಹರಿದು ಬಂದದ್ದನ್ನು ಬಾಟಲಿಯಲ್ಲಿ ರಾತ್ರಿಯಿಡೀ ಬಿಟ್ಟು ಕೆಸರಿನ ದಪ್ಪ ಅಳೆಯುವುದು. ಎರಡೂ ಟ್ರೇಯ ಮಣ್ಣನ್ನು ಮೊದಲೇ ಒಂದೇ ಹದಕ್ಕೆ ನೆನೆಸಿರಬೇಕು. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ ಕಳೆದುಕೊಂಡ ಕುಟುಂಬಗಳ ಮಕ್ಕಳು ತರಗತಿಯಲ್ಲಿರಬಹುದು. ‘ನಿಮ್ಮೂರಲ್ಲಿ ಏನಾಯಿತು ಹೇಳು’ ಎಂದು ಎಬ್ಬಿಸಿ ನಿಲ್ಲಿಸಬಾರದು. ಟ್ರೇಯ ಮಣ್ಣಿನ ಬಗ್ಗೆ ಮಾತಾಡಿದರೆ ಸಾಕು, ಹೇಳಬೇಕೆನಿಸಿದವರು ತಾವೇ ಹೇಳುತ್ತಾರೆ.

ದಿನಾಂಕಕ್ಕಲ್ಲ, ಘಟನೆಗೆ ಕಟ್ಟಿದ ಚೀಟಿಗಳು

ಕೆಲವು ಚೀಟಿಗಳನ್ನು ತಿಂಗಳ ಅಂಕಣದಲ್ಲಿ ಚುಚ್ಚುವುದೇ ಇಲ್ಲ, ಹಾಳೆಯ ಅಂಚಿನಲ್ಲಿ ಕಾಯಿಸುತ್ತೇವೆ. ಕಾಫಿ ಹೂ ಅದರಲ್ಲಿ ಮುಖ್ಯ. ಹೂಮಳೆ (ಕಾಫಿ ಮೊಗ್ಗು ಅರಳಿಸುವ ಬೇಸಿಗೆಯ ಮಳೆ) ಬಿದ್ದ ಮೇಲೆ ವಾರದಿಂದ ಹತ್ತು ದಿನದೊಳಗೆ ತೋಟ ಬೆಳ್ಳಗಾಗುತ್ತದೆ, ಎರಡು ಮೂರು ದಿನಕ್ಕೆ ಬಾಡುತ್ತದೆ. ಅಂದರೆ ಮಳೆ ಬಿದ್ದ ದಿನವೇ ನಮಗೆ ಒಂದು ವಾರದ ಸೂಚನೆ ಸಿಕ್ಕಂತೆ. ಸ್ಪ್ರಿಂಕ್ಲರ್ ಹಾಕುವ ರೊಬಸ್ಟಾ ತೋಟವಾದರೆ ಇನ್ನೂ ಸುಲಭ, ಯಾವತ್ತು ಹಾಕುತ್ತಾರೆಂದು ಕೇಳಿಕೊಂಡರಾಯಿತು.

ಆ ವಾರದೊಳಗೆ ಆರನೇ ತರಗತಿಯವರು ರೊಬಸ್ಟಾ ಗಿಡದಲ್ಲಿ ಮೊಗ್ಗಿರುವ ಎರಡು ರೆಕ್ಕೆ (ಅಡ್ಡ ರೆಂಬೆ) ಆರಿಸಿ, ಒಂದಕ್ಕೆ ಬಟರ್ ಪೇಪರ್ ಚೀಲ ಕಟ್ಟಬೇಕು, ಇನ್ನೊಂದನ್ನು ಹಾಗೇ ಬಿಡಬೇಕು. ಹತ್ತಿರ ಅರೇಬಿಕಾ ಇದ್ದರೆ ಅಲ್ಲೂ ಹೀಗೆಯೇ ಎರಡು. ರೊಬಸ್ಟಾದ ಒಂದೊಂದು ಗೆಣ್ಣಿನಲ್ಲೂ ಹೂವು ತುಂಬಾ ಇರುವುದರಿಂದ ಮೂರು ಗೆಣ್ಣು ಮಾತ್ರ ಎಣಿಸಲಿ. ಹೂ ಬಾಡಿದ ನಾಲ್ಕೈದು ದಿನಕ್ಕೆ ಚೀಲ ಬಿಚ್ಚದಿದ್ದರೆ ಒಳಗೆ ಬೆವರಿ ಎಲೆ ಕೊಳೆಯುತ್ತದೆ. ಗುರುತಿಗೆ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಕಟ್ಟಿ, ನೂಲು ಮಳೆಗಾಲಕ್ಕೆ ಉಳಿಯುವುದಿಲ್ಲ. ಫಲಿತಾಂಶ ಮಾತ್ರ ಆ ಶಾಲಾ ವರ್ಷದಲ್ಲಿ ಸಿಗದು. ಕಾಯಿ ಕಣ್ಣಿಗೆ ಕಾಣುವಷ್ಟಾಗುವುದು ಮಳೆ ಹಿಡಿದ ಮೇಲೆ, ಆಗ ಅದೇ ಮಕ್ಕಳು ಏಳನೇ ತರಗತಿಯಲ್ಲಿರುತ್ತಾರೆ. ಜೂನ್ ಕೊನೆಯಲ್ಲಿ ಎಣಿಸಿದರೆ ಚೀಲ ಕಟ್ಟಿದ ರೊಬಸ್ಟಾದಲ್ಲಿ ಕಾಯಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಅರೇಬಿಕಾದಲ್ಲಿ ಕಟ್ಟಿದ್ದರೂ ಕಚ್ಚಿರುತ್ತದೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಅರೇಬಿಕಾಕ್ಕೆ ತನ್ನದೇ ಸಾಕು. ಸ್ವಕೀಯ, ಪರಕೀಯ ಪರಾಗಸ್ಪರ್ಶದ ಚೀಟಿಯನ್ನು ಮಾರ್ಚ್ ಮತ್ತು ಜೂನ್ ಎರಡಕ್ಕೂ ಸೇರುವಂತೆ ಕತ್ತರಿಸಿರುವುದು ಇದಕ್ಕೇ. ಗುರುತು ಮಾಡಿದ ರೆಕ್ಕೆಗಳನ್ನು ಕಸಿ ಮಾಡುವಾಗ (ರೆಂಬೆ ಸವರುವಾಗ) ಕಡಿಯದಂತೆ ತೋಟದವರಿಗೆ ಹೇಳಿಡಬೇಕು. ಆನೆ ಓಡಾಡುವ ಕಡೆಯಾದರೆ ಅವತ್ತು ಬೆಳಗ್ಗೆ ತೋಟದವರನ್ನು ಕೇಳದೆ ಮಕ್ಕಳನ್ನು ಕರೆದುಕೊಂಡು ಹೋಗುವ ಹಾಗಿಲ್ಲ.

ಚಂದ್ರನ ಕಲೆಗಳಿಗೆ ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಹುಣ್ಣಿಮೆಯ ಹಿಂದಿನ ಅಮಾವಾಸ್ಯೆಯಿಂದ ಶುರುಮಾಡಿದರೆ ಮನೆಯವರೇ ನೆನಪಿಸುತ್ತಾರೆ, ಆಕಾಶವೂ ಅಷ್ಟರಲ್ಲಿ ತಿಳಿಯಾಗಿರುತ್ತದೆ.

ನೆರಳಿಗೆ ಡಿಸೆಂಬರ್ 22 ಮತ್ತು ಮಾರ್ಚ್ 21ರ ಆಸುಪಾಸು. ಶೂನ್ಯ ನೆರಳಿನ ದಿನದ (ಸೂರ್ಯ ನೆತ್ತಿಯ ಮೇಲೆ ಬಂದು ಕೋಲಿಗೆ ನೆರಳೇ ಇಲ್ಲದ ದಿನದ) ಆಸೆ ಇಲ್ಲಿ ಬೇಡ: ವರ್ಷಕ್ಕೆ ಎರಡು ಸಲ ಬರುವುದರಲ್ಲಿ ಏಪ್ರಿಲ್ ಕೊನೆಯದು ಬೇಸಿಗೆ ರಜೆಗೆ, ಆಗಸ್ಟ್‌ನದು ಮೋಡಕ್ಕೆ ಹೋಗುತ್ತದೆ. ಮಡಿಕೇರಿಯ ಅಕ್ಷಾಂಶ ಸುಮಾರು 12.4 ಡಿಗ್ರಿ. ನೆಟ್ಟಗೆ ನಿಲ್ಲಿಸಿದ 1 ಮೀಟರ್ ಕೋಲಿನ ಅತಿ ಗಿಡ್ಡ ನೆರಳು ಡಿಸೆಂಬರ್‌ನಲ್ಲಿ ಸುಮಾರು 72 ಸೆಂ.ಮೀ., ಮಾರ್ಚ್‌ನಲ್ಲಿ ಸುಮಾರು 22 ಸೆಂ.ಮೀ. ಬರಬೇಕು. ಐದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕೋಲು ವಾಲಿದೆ, ಇಲ್ಲವೇ ನೆಲ ಇಳಿಜಾರು, ಕೊಡಗಿನ ಅಂಗಳದಲ್ಲಿ ಎರಡನೆಯದೇ ಹೆಚ್ಚು. ಸರಿಯಾಗಿ 12 ಗಂಟೆಗೆ ಅಳೆದು ಮುಗಿಸಿದರೂ ತಪ್ಪುತ್ತದೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 75.7ರಲ್ಲಿ. ನೆರಳು ಅತಿ ಗಿಡ್ಡವಾಗುವುದು ಡಿಸೆಂಬರ್‌ನಲ್ಲಿ 12.25ರ ಹೊತ್ತಿಗೆ, ಮಾರ್ಚ್‌ನಲ್ಲಿ 12.35ರ ಹತ್ತಿರ. 12ರಿಂದ 1ರವರೆಗೆ ಐದೈದು ನಿಮಿಷಕ್ಕೆ ಗುರುತು ಹಾಕಿಸಿ. ಬಿಸಿಯೂಟದ ಗಂಟೆ ನಡುವೆ ಬೀಳದಂತೆ ಅಡುಗೆಯವರಿಗೆ ಮೊದಲೇ ತಿಳಿಸಿ.

ಪುಸ್ತಕದ ಉತ್ತರ ಇಲ್ಲಿ ಬಾರದ ಕಡೆ

ನೀರು 100 ಡಿಗ್ರಿಗೆ ಕುದಿಯುತ್ತದೆ ಎಂದು ಓದಿಸಿ ಮಡಿಕೇರಿಯಲ್ಲಿ ಕುದಿಸಿದರೆ ಉಷ್ಣತಾಮಾಪಕ 96ರ ಹತ್ತಿರ ನಿಲ್ಲುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿದೆ, ಪ್ರತಿ 300 ಮೀಟರ್‌ಗೆ ಸರಿಸುಮಾರು 1 ಡಿಗ್ರಿ ಇಳಿಯುತ್ತದೆ. ಕುಶಾಲನಗರದಲ್ಲಿ 97ರ ಮೇಲೆ ಬರುತ್ತದೆ. ಮಾಪಕ ಕೆಟ್ಟಿದೆ ಎಂದು ಎತ್ತಿಡುವ ಮುನ್ನ ಅದನ್ನು ಕರಗುತ್ತಿರುವ ಮಂಜುಗಡ್ಡೆಯಲ್ಲಿ ಇಟ್ಟು 0 ತೋರಿಸುತ್ತದೆಯೇ ನೋಡಿ. ಆರನೆಯವರು ‘96 ಬಂತು’ ಎಂದು ಬರೆದಿಡಲಿ, ಗಾಳಿಯ ಒತ್ತಡದ ಪಾಠ ಬಂದಾಗ ಆ ಪುಟ ತೆರೆಯಲಿ. ಪರೀಕ್ಷೆಯಲ್ಲಿ ‘ಸಮುದ್ರಮಟ್ಟದಲ್ಲಿ 100’ ಎಂದು ಬರೆಯುವ ಅಭ್ಯಾಸ ಮಾಡಿಸಿದರೆ ಎರಡೂ ನಿಲ್ಲುತ್ತವೆ.

ಆಮ್ಲ–ಪ್ರತ್ಯಾಮ್ಲಕ್ಕೆ ಕಾಚಂಪುಳಿ (ಕೊಡಗಿನ ಅಡುಗೆಯ ಹುಳಿರಸ) ತರಿಸಿ, ಆದರೆ ಹಾಗೇ ಬಳಸಬೇಡಿ. ಅದು ಕಪ್ಪಾಗಿರುವುದರಿಂದ ಸೂಚಕದ ಬಣ್ಣ ಕಾಣುವುದಿಲ್ಲ. 50 ಮಿ.ಲೀ. ನೀರಿಗೆ ಒಂದೆರಡು ಹನಿ ಹಾಕಿ, ದಾಸವಾಳದ ರಸ ಬೆರೆಸಿದರೆ ಕೆಂಪಾಗುತ್ತದೆ. ಅರಿಸಿನದ ಕಾಗದ ಆಮ್ಲಕ್ಕೆ ಬದಲಾಗದು, ಸುಣ್ಣದ ತಿಳಿಗೆ ಮಾತ್ರ ಕೆಂಪಾಗುತ್ತದೆ. ತೋಟಕ್ಕೆ ಸುಣ್ಣ ಯಾಕೆ ಹಾಕುತ್ತಾರೆ ಎಂಬ ಪ್ರಶ್ನೆಯನ್ನು ತಟಸ್ಥೀಕರಣದ ಚೀಟಿಯ ಹಿಂಬದಿ ಬರೆದಿಟ್ಟುಕೊಳ್ಳಿ.

ಸಾಮಾನುಗಳಿಗೂ ಯೋಜನೆ ಬೇಕು. ಸೂಕ್ಷ್ಮದರ್ಶಕದ ಮಸೂರಕ್ಕೆ ಒಂದೇ ಮಳೆಗಾಲದಲ್ಲಿ ಬೂಸ್ಟು ಹಿಡಿಯಬಹುದು. ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು, ಜೆಲ್ ಬಣ್ಣ ಬಿಟ್ಟಾಗ ಬಿಸಿ ಮಾಡಿ ಮತ್ತೆ ಹಾಕಬೇಕು. ಬ್ಯಾಟರಿ ಸೆಲ್‌ಗಳನ್ನು ಮೇ ತಿಂಗಳಲ್ಲಿ ಕೊಂಡಿಟ್ಟರೆ ನವೆಂಬರ್‌ಗೆ ತುದಿ ತುಕ್ಕು ಹಿಡಿದಿರುತ್ತದೆ, ಬೇಕಾದ ತಿಂಗಳಲ್ಲೇ ಕೊಳ್ಳಿ. ಕಾಗದದ ಚಾರ್ಟಿಗೆ ದುಡ್ಡು ಹಾಕುವುದು ದಂಡ.

4–5 ಒಟ್ಟಿಗೆ, 6–7 ಒಟ್ಟಿಗೆ ಕೂರುವ ಶಾಲೆಗಳಲ್ಲಿ ಚಟುವಟಿಕೆಗಳನ್ನು ‘ಅ’ ವರ್ಷ, ‘ಆ’ ವರ್ಷ ಎಂದು ಎರಡು ಸುತ್ತು ಮಾಡಿಕೊಂಡರೆ ಅರ್ಧ ಭಾರ ಇಳಿಯುತ್ತದೆ. ‘ಅ’ದಲ್ಲಿ ಸವಕಳಿ ಟ್ರೇ ಮತ್ತು ವಿದ್ಯುತ್, ‘ಆ’ದಲ್ಲಿ ಸೂಚಕಗಳು ಮತ್ತು ಬೆಳಕು. ಮಳೆ ಮಾಪಕ, ನೆರಳು, ಕಾಫಿ ಹೂ ಮಾತ್ರ ಪ್ರತಿ ವರ್ಷ ನಡೆಯಲೇಬೇಕು. ಪಠ್ಯದ ಓದು, ಅಭ್ಯಾಸ, ಮೌಲ್ಯಮಾಪನ ಆಯಾ ತರಗತಿಯದ್ದೇ. ಸುತ್ತು ಹಾಕುವುದು ಪ್ರಯೋಗಗಳನ್ನಷ್ಟೇ. ನಡುವೆ ಬೇರೆ ಶಾಲೆಯಿಂದ ಸೇರಿದ ಮಗುವಿಗೆ ತಪ್ಪಿದ ಸುತ್ತು ಯಾವುದು ಎಂದು ದಾಖಲಾತಿಯ ವಾರದಲ್ಲೇ ಗುರುತು ಮಾಡಿಕೊಳ್ಳಬೇಕು.

ಯೋಜನೆ ಹೆಚ್ಚಾಗಿ ಮುರಿಯುವುದು ಮಳೆಯಿಂದಲ್ಲ, ವರ್ಗಾವಣೆಯಿಂದ. ಅದಕ್ಕಾಗಿ ಏಪ್ರಿಲ್ ಮೊದಲ ವಾರದಲ್ಲಿ ತರಗತಿಗೊಂದು ಪುಟ ಬರೆದು ಮಳೆ ದಾಖಲೆಯ ಪುಸ್ತಕದಲ್ಲೇ ಅಂಟಿಸುತ್ತೇವೆ: ಯಾವ ಚೀಟಿ ಆಯಿತು, ಯಾವುದು ಉಳಿಯಿತು, ಮಕ್ಕಳು ಇನ್ನೂ ತಪ್ಪು ತಿಳಿದಿರುವ ಮೂರು ವಿಷಯ, ಚೀಲ ಕಟ್ಟಿದ ಕಾಫಿ ಗಿಡ ಯಾರ ತೋಟದಲ್ಲಿ, ಯಾವ ಸಾಲಿನಲ್ಲಿ, ಪಟ್ಟಿಯ ಬಣ್ಣ ಯಾವುದು. ಪುಸ್ತಕ ಮುಖ್ಯ ಶಿಕ್ಷಕರ ಬೀರುವಿನಲ್ಲಿರಲಿ, ವಿಜ್ಞಾನದ ಮೇಷ್ಟ್ರ ಚೀಲದಲ್ಲಿ ಬೇಡ.